ಲಸಿಕೆ ಹಾಕಿಸಿಕೊಂಡಿರಿ ಸರಿ, ಅದು ಎದ್ದಿತಾ?

ಡಯಾಲಿಸಿಸ್‌ನವರು ಬೂಸ್ಟರ್ ಲಸಿಕೆ ಮರೆಯಬೇಡಿ ಅಂತ ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಡೊಂಬಿವಲಿಯಿಂದ, ಮುಲುಂಡ್‌ನಿಂದ, ಪುಣೆಯಿಂದ, ಗೋವಾದಿಂದ. ಒಂದಂತೂ ಡಯಾಲಿಸಿಸ್ ಕುರ್ಚಿಯಲ್ಲಿ ಕೂತೇ ಬರೆದದ್ದು. ಬಲಗೈಗೆ ಸೂಜಿ ಹಾಕಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ ಅಂತ ಕೊನೆಗೆ ಷರಾ ಬೇರೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಮುಂಬೈಯ ಡಯಾಲಿಸಿಸ್ ವಾರ್ಡೊಂದರಲ್ಲಿ 29 ವರ್ಷ ಸಿಸ್ಟರ್ ಆಗಿದ್ದವಳು. ಔಷಧಿ ಬರೆದುಕೊಡುವುದು ನಿಮ್ಮ ಕಿಡ್ನಿ ಡಾಕ್ಟರ ಕೆಲಸ. ಅವರ ಹತ್ತಿರ ಏನು ಕೇಳಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ.

ಪ್ರಶ್ನೆ: ಅಕ್ಕಾ, ನಮ್ಮ ಮಾವನವರಿಗೆ 64 ವರ್ಷ. ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಕಾಯಿಲೆಯ ಲಸಿಕೆ ನಾಲ್ಕು ಸಲ ಹಾಕಿಸಿದೆವು, ಪ್ರತಿ ಸಲವೂ ಡಬಲ್ ಡೋಸ್. ಈಗ ಟೈಟರ್, ಅಂದರೆ ರಕ್ತದಲ್ಲಿ ಆ ರೋಗ ತಡೆಯುವ ಆಂಟಿಬಾಡಿ ಎಷ್ಟಿದೆ ಅನ್ನುವ ಟೆಸ್ಟ್, ಮಾಡಿಸಿದರೆ ಬರೀ 6 ಬಂದಿದೆ, 10 ಆದರೂ ಬರಬೇಕಂತೆ. ಮತ್ತೆ ಮೊದಲಿನಿಂದ ಹಾಕಿಸಬೇಕಂತೆ. ಲಸಿಕೆ ಡೂಪ್ಲಿಕೇಟ್ ಇತ್ತಾ? ಫ್ರಿಜ್‌ನಲ್ಲಿ ಇಡದೆ ಹಾಳು ಮಾಡಿದ್ದರಾ? ಇನ್ನೊಂದು ಸೂಜಿ ಅಂದರೆ ಮಾವ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. (ಸೊಸೆ, ಡೊಂಬಿವಲಿ)

ಉತ್ತರ: ಮೊದಲು ಮಾವನ ಕಡೆಯಿಂದ ಒಂದು ಮಾತು ಹೇಳಿಬಿಡುತ್ತೇನಮ್ಮಾ. ಪ್ರತಿ ಡಯಾಲಿಸಿಸ್‌ಗೆ ಫಿಸ್ಟುಲಾಗೆ, ಅಂದರೆ ಡಯಾಲಿಸಿಸ್‌ಗೆಂದೇ ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ, ಎರಡು ದಪ್ಪ ಸೂಜಿ. ವಾರಕ್ಕೆ ಆರು, ವರ್ಷಕ್ಕೆ 312. ಅಂಥವರು ಇನ್ನೊಂದು ಸೂಜಿ ಅಂದಾಗ ಗೋಡೆ ಕಡೆ ತಿರುಗದೆ ಇನ್ನೇನು ಮಾಡಿಯಾರು, ಹೇಳಿ.

ಲಸಿಕೆ ಡೂಪ್ಲಿಕೇಟ್ ಅಂತ ಅನುಮಾನ ಪಡಬೇಕಾಗಿಲ್ಲ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಅನ್ನುವುದು ನಿಜ. ಆದರೆ ಹೆಪಟೈಟಿಸ್ ಬಿ ಲಸಿಕೆಗೆ ಸೆಕೆಗಿಂತ ಐಸೇ ದೊಡ್ಡ ಶತ್ರು. ಫ್ರೀಜರ್‌ನಲ್ಲಿ ಗಟ್ಟಿಯಾಗಿಬಿಟ್ಟರೆ ಚೆಲ್ಲುವುದೇ. ಅಂಥದ್ದು ಏನೂ ಆಗದೆ, ಎಲ್ಲ ಸರಿಯಾಗಿ ಹಾಕಿಯೂ 6 ಬರುತ್ತದೆ. ಆರೋಗ್ಯವಂತ ಹರೆಯದವರಿಗೆ 20 ಮೈಕ್ರೋಗ್ರಾಂನಂತೆ ಮೂರು ಸಲ ಹಾಕಿದರೆ ನೂರರಲ್ಲಿ 90ಕ್ಕೂ ಜಾಸ್ತಿ ಜನರಿಗೆ ರಕ್ಷಣೆ ಸಿಗುತ್ತದೆ. ಡಯಾಲಿಸಿಸ್‌ನವರಿಗೆ 40ರಂತೆ ನಾಲ್ಕು ಸಲ ಹಾಕುತ್ತೇವೆ. ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಇಷ್ಟೆಲ್ಲ ಮಾಡಿದರೂ ಅರ್ಧದಿಂದ ಮುಕ್ಕಾಲು ಪಾಲು ಜನರಿಗೆ ಮಾತ್ರ ಹತ್ತುತ್ತದೆ. ವಯಸ್ಸು ಜಾಸ್ತಿ, ಸಕ್ಕರೆ ಕಾಯಿಲೆ, ಊಟ ಸೇರದೆ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಇಳಿದಿದೆ ಅಂದರೆ ಇನ್ನೂ ಕಮ್ಮಿ.

ಯಾಕೆ ಹೀಗೆ? ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತದೆ. ಮೆಷಿನ್ ಮಾಡುವುದು 12 ಗಂಟೆ. ಆ 12 ಗಂಟೆಯಲ್ಲಿ ಯೂರಿಯಾದಂಥ ಸಣ್ಣ ಕಸ ಚೆನ್ನಾಗಿ ಹೋಗುತ್ತದೆ. ಪ್ರೋಟೀನಿಗೆ ಅಂಟಿಕೊಂಡ ಕಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಒಳಗೇ ಸುತ್ತುತ್ತಿರುತ್ತದೆ. ಈ ಕೊಳೆಯಲ್ಲಿ ರೋಗ ತಡೆಯುವ ಕಣಗಳು ಒಂಥರಾ ಮಂಕಾಗುತ್ತವೆ. ಲಸಿಕೆ ಹಾಕಿದ ಜಾಗದಿಂದ ಒಂದು ಜಾತಿಯ ಕಣ ಹೊರಟು, ಕಂಕುಳಿನ ಗ್ರಂಥಿಗೆ ಹೋಗಿ, ನೋಡಿ ಈ ವೈರಸ್ ಹೀಗಿರುತ್ತದೆ ಅಂತ ಟಿ ಕಣಗಳಿಗೆ ತೋರಿಸಬೇಕು. ಬರೀ ತೋರಿಸಿದರೆ ಸಾಲದು, ಜೊತೆಗೆ ಇನ್ನೊಂದು ಸಿಗ್ನಲ್ ಕೊಡಬೇಕು. ನಮ್ಮ ಆಫೀಸುಗಳ ಹಾಗೆಯೇ ಅನ್ನಿ, ಫೈಲಿಗೆ ಫೋಟೋ ಅಂಟಿಸಿದ್ದರೂ ಸಾಹೇಬರ ಸಹಿ ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಡಯಾಲಿಸಿಸ್‌ನವರಲ್ಲಿ ಆ ಸಹಿಯೇ ತೆಳುವಾಗಿರುತ್ತದೆ. ಹೊಸದನ್ನು ಕಲಿಯುವ ಟಿ ಕಣಗಳೂ ಕಮ್ಮಿ, ಇರುವುದರಲ್ಲಿ ಹಳೇ ದಣಿದವೇ ಜಾಸ್ತಿ. ವಿಚಿತ್ರ ಏನೆಂದರೆ ಇದೇ ಮೈಯಲ್ಲಿ ಉರಿಯೂತ ಮಾತ್ರ ಸದಾ ಇರುತ್ತದೆ. ಅಂದರೆ ಕಣಗಳು ಸುಮ್ನೆ ಕೂತಿಲ್ಲ, ಬೇಡದ ಕಡೆ ಗಲಾಟೆ ಮಾಡುತ್ತಾ ಬೇಕಾದ ಕಡೆ ಸುಸ್ತಾಗಿವೆ.

ಕಲಿಯುವುದು ನಿಧಾನ, ಮರೆಯುವುದು ಬೇಗ. ಬೂಸ್ಟರ್ ಬೇಕಾಗುವುದು ಇದಕ್ಕೇ. ನನಗೂ ನಿಮಗೂ ಒಂದು ಸಲ ಟೈಟರ್ 10 ದಾಟಿದರೆ ಆಯಿತು. ಆಮೇಲೆ ಎಷ್ಟೋ ವರ್ಷಕ್ಕೆ ಅದು ಇಳಿದರೂ ಮೈ ನೆನಪಿಟ್ಟುಕೊಂಡಿರುತ್ತದೆ, ವೈರಸ್ ಬಂದ ಕೂಡಲೇ ಎದ್ದು ಕೂರುತ್ತದೆ. ಡಯಾಲಿಸಿಸ್‌ನವರ ವಿಷಯದಲ್ಲಿ ಆ ನೆನಪನ್ನು ನಂಬುವ ಹಾಗಿಲ್ಲ. ಟೈಟರ್ 10ರ ಮೇಲಿರುವ ತನಕ ಮಾತ್ರ ರಕ್ಷಣೆ ಅಂತ ಲೆಕ್ಕ. ಹಾಗಾಗಿ ಹತ್ತಿದವರೂ ವರ್ಷಕ್ಕೊಮ್ಮೆ ಟೈಟರ್ ನೋಡಬೇಕು, 10ಕ್ಕಿಂತ ಇಳಿದರೆ ಒಂದು ಬೂಸ್ಟರ್.

ಸಿಡುಬಿನ ಕಾಲದ ಒಂದು ಮಾತನ್ನು ನಮ್ಮಜ್ಜಿ ಹೇಳುತ್ತಿದ್ದರು. ಲಸಿಕೆ ಹಾಕುವವನು ಕುಂದಾಪುರದ ಕಡೆಯಿಂದ ನಡೆದುಕೊಂಡು ಬರುತ್ತಿದ್ದನಂತೆ, ಮಕ್ಕಳ ತೋಳಿಗೆ ಗೀರಿ ಹೋಗುತ್ತಿದ್ದನಂತೆ. ಅಲ್ಲಿಗೆ ಮುಗಿಯುತ್ತಿರಲಿಲ್ಲ. ಎಂಟು ದಿನ ಬಿಟ್ಟು ಮತ್ತೆ ಬಂದು, ಎಲ್ಲರ ತೋಳು ಹಿಡಿದು, ಗುಳ್ಳೆ ಎದ್ದಿದೆಯಾ ಅಂತ ನೋಡುತ್ತಿದ್ದ. ಏಳದವರಿಗೆ ಇನ್ನೊಂದು ಸಲ. ಈಗ ಗುಳ್ಳೆ ಏಳುವುದಿಲ್ಲ, ಟೈಟರೇ ನಮ್ಮ ಗುಳ್ಳೆ. ಅದನ್ನು ಕೊನೆಯ ಡೋಸ್ ಆದ ಒಂದರಿಂದ ಎರಡು ತಿಂಗಳೊಳಗೆ ನೋಡಬೇಕು. ಎಷ್ಟೋ ಕಡೆ ನಾಲ್ಕು ಡೋಸ್ ಹಾಕಿ, ಫೈಲಿನಲ್ಲಿ ಟಿಕ್ ಹೊಡೆದು, ಮರೆತುಬಿಡುತ್ತಾರೆ. ನಿಮ್ಮಲ್ಲಿ ನೋಡಿದ್ದಾರೆ, ಅದಕ್ಕೇ 6 ಅಂತ ಗೊತ್ತಾಗಿದೆ. ಬೈಯಬೇಡಿ, ಒಳ್ಳೆಯ ಸೆಂಟರ್ ಅದು.

ಇಷ್ಟು ಒದ್ದಾಟ ಯಾಕೆ ಅಂದರೆ, ಈ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತದೆ. ಮೆಷಿನ್ನಿನ ಗುಂಡಿ, ಕ್ಲಾಂಪ್, ಕುರ್ಚಿಯ ಕೈ, ಕಣ್ಣಿಗೆ ಕಾಣದ ಒಂದು ಚುಕ್ಕೆ ಸಾಕು. ಲಸಿಕೆ ಬರುವ ಮೊದಲು, 1969-70ರಲ್ಲಿ, ಎಡಿನ್‌ಬರೋದ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಇದು ಹಬ್ಬಿ ರೋಗಿಗಳು ಮಾತ್ರವಲ್ಲ, ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯೂ ತೀರಿಕೊಂಡರು. ನಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ದೊಡ್ಡ ಸಿಸ್ಟರ್ ಗ್ಲೌಸ್ ಕೊಡುವಾಗಲೆಲ್ಲ ಇದನ್ನೇ ಹೇಳಿ ಹೆದರಿಸುತ್ತಿದ್ದರು.

ಈಗ ಮಾಡಬೇಕಾದ್ದು: ಇನ್ನೊಂದು ಸರಣಿ ಹಾಕಿಸಿ. ಮೊದಲ ಸರಣಿಯಲ್ಲಿ ಹತ್ತದವರಲ್ಲಿ ಎಷ್ಟೋ ಜನರಿಗೆ ಎರಡನೆಯದರಲ್ಲಿ ಹತ್ತುತ್ತದೆ. ಸೂಜಿ ತೋಳಿನ ಮೇಲ್ಭಾಗದ ಮಾಂಸಕ್ಕೇ ಬೀಳಬೇಕು, ಸೊಂಟಕ್ಕಲ್ಲ. ಸೊಂಟದ ಕೊಬ್ಬಿನಲ್ಲಿ ಸಿಕ್ಕಿಕೊಂಡರೆ ಕೆಲಸ ಕಮ್ಮಿ. ಅದರಲ್ಲೂ ಹತ್ತದಿದ್ದರೆ ಚರ್ಮದ ಪದರದೊಳಗೆ ಸ್ವಲ್ಪ ಸ್ವಲ್ಪವೇ ಪದೇ ಪದೇ ಹಾಕುವ ಒಂದು ದಾರಿ ಇದೆ, ಡಾಕ್ಟರನ್ನು ಕೇಳಿ ನೋಡಿ. ಅಲ್ಲಿಯ ತನಕ ತಿಂಗಳಿಗೊಮ್ಮೆ ಹೆಪಟೈಟಿಸ್ ಬಿ ಟೆಸ್ಟ್ ತಪ್ಪಿಸಬೇಡಿ. ಮಾವನಿಗೆ ಹೇಳಿ, ಟೈಟರ್‌ಗೆ ಬೇರೆ ಸೂಜಿ ಬೇಡ, ಡಯಾಲಿಸಿಸ್ ಶುರು ಮಾಡುವಾಗ ಅದೇ ಲೈನಿನಿಂದ ರಕ್ತ ತೆಗೆಯಬಹುದು ಅಂತ. ಅಷ್ಟಾದರೂ ಉಳಿತಾಯವಾಗಲಿ.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ ಸೋಮವಾರ ಹೆಪಟೈಟಿಸ್ ಬಿ ಬೂಸ್ಟರ್ ಹಾಕಿದರು. ಶುಕ್ರವಾರ ತಿಂಗಳ ಟೆಸ್ಟ್ ಮಾಡಿದರೆ ಪಾಸಿಟಿವ್! ನಮ್ಮ ಸೆಂಟರಿನವರು ನಾಳೆಯಿಂದ ಇಲ್ಲಿ ಬರಬೇಡಿ, ಪಾಸಿಟಿವ್ ಮೆಷಿನ್ ಇರುವ ಕಡೆ ಹೋಗಿ ಅಂದರು. ಲಸಿಕೆಯಿಂದಲೇ ರೋಗ ಬಂತಾ? ಎರಡು ರಾತ್ರಿ ನಿದ್ದೆ ಇಲ್ಲ. (ಮುಲುಂಡ್)

ಉತ್ತರ: ಉಸಿರು ಬಿಡಿ ಅಣ್ಣಾ. ಲಸಿಕೆಯಿಂದ ಈ ರೋಗ ಬರುವುದಕ್ಕೆ ಸಾಧ್ಯವೇ ಇಲ್ಲ, ಅದರಲ್ಲಿ ವೈರಸ್ಸೇ ಇಲ್ಲ. ಯೀಸ್ಟ್‌ನಲ್ಲಿ, ಅದೇ ಬ್ರೆಡ್ ಉಬ್ಬಿಸುವ ಜಾತಿಯದ್ದರಲ್ಲಿ, ವೈರಸ್ಸಿನ ಹೊರಗಿನ ಕೋಟನ್ನು ಮಾತ್ರ ತಯಾರಿಸಿ ಸೂಜಿಯಲ್ಲಿ ತುಂಬಿರುತ್ತಾರೆ. ತಮಾಷೆ ಏನೆಂದರೆ ನಿಮ್ಮ ತಿಂಗಳ ಟೆಸ್ಟ್ ಹುಡುಕುವುದೂ ಅದೇ ಕೋಟನ್ನೇ. ನಾಲ್ಕು ದಿನದ ಹಿಂದೆ ತೋಳಿಗೆ ಹಾಕಿದ್ದು ರಕ್ತದಲ್ಲಿ ಇನ್ನೂ ಸ್ವಲ್ಪ ಓಡಾಡುತ್ತಿರುತ್ತದೆ. ಮೆಷಿನ್ ಅದನ್ನು ಹಿಡಿದು ಪಾಸಿಟಿವ್ ಅಂತ ಕೂಗುತ್ತದೆ. ಹಾಕಿದ ಎರಡು ಮೂರು ವಾರದ ತನಕ ಹೀಗಾಗಬಹುದು. ಡಯಾಲಿಸಿಸ್‌ನವರಿಗೆ ಡೋಸ್ ದೊಡ್ಡದಾದ್ದರಿಂದ ಇದು ನಮಗೆ ಹೊಸದಲ್ಲ. ಅದಕ್ಕೇ ಲಸಿಕೆ ಹಾಕಿದ ನಾಲ್ಕು ವಾರದ ತನಕ ಆ ಟೆಸ್ಟ್ ಮಾಡಬಾರದು. ಟೆಸ್ಟ್ ಮೊದಲು, ಲಸಿಕೆ ಆಮೇಲೆ, ಅದು ಕ್ರಮ. ನಿಮ್ಮ ಸೆಂಟರಿನಲ್ಲಿ ಯಾರೋ ಕ್ಯಾಲೆಂಡರ್ ನೋಡಲಿಲ್ಲ, ಅಷ್ಟೇ.

ಆದರೂ ಸುಮ್ಮನೆ ಬಿಡಬೇಡಿ, ಕಾಗದದ ಮೇಲೆ ಸಾಬೀತಾಗಲಿ. ಎರಡು ಟೆಸ್ಟ್ ಕೇಳಿ: ರಕ್ತದಲ್ಲಿ ನಿಜವಾದ ವೈರಸ್ ಇದೆಯಾ ಅಂತ ನೋಡುವ ಹೆಪಟೈಟಿಸ್ ಬಿ ಡಿಎನ್‌ಎ, ಮತ್ತು ಕೋರ್ ಆಂಟಿಬಾಡಿ. ಲಸಿಕೆಯಲ್ಲಿ ವೈರಸ್ಸಿನ ಒಳತಿರುಳು ಇಲ್ಲವಲ್ಲ, ಹಾಗಾಗಿ ಬರೀ ಲಸಿಕೆ ಹಾಕಿಸಿಕೊಂಡವರಲ್ಲಿ ಕೋರ್ ಆಂಟಿಬಾಡಿ ಬರುವುದೇ ಇಲ್ಲ. ಎರಡೂ ನೆಗೆಟಿವ್ ಬಂದರೆ ನಾಲ್ಕು ವಾರ ಬಿಟ್ಟು ಹಳೇ ಟೆಸ್ಟನ್ನು ಮತ್ತೊಮ್ಮೆ ಮಾಡಿಸಿ. ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಇದೆಲ್ಲ ಇತ್ಯರ್ಥ ಆಗುವ ಮೊದಲು ಹೆಂಡತಿಯನ್ನು ಪಾಸಿಟಿವ್ ರೋಗಿಗಳ ಮೆಷಿನ್ನಿಗೆ ಕಳಿಸಬೇಡಿ. ಇಲ್ಲದ ರೋಗಕ್ಕೆ ಹೆದರಿ ಇರುವ ರೋಗದ ಪಕ್ಕ ಕೂರಿಸಿದ ಹಾಗಾಗುತ್ತದೆ. ಡಾಕ್ಟರ ಹತ್ತಿರ ಮಾತಾಡಿ, ಆ ಕೆಲವು ದಿನ ಒಂದು ಮೂಲೆಯ ಮೆಷಿನ್ನನ್ನು ಅವರೊಬ್ಬರಿಗೇ ಇಡಲು ಕೇಳಿ. ಡಯಾಲಿಸಿಸ್ ಮಾತ್ರ ಒಂದು ದಿನವೂ ತಪ್ಪಬಾರದು.

ಪ್ರಶ್ನೆ: ಅಕ್ಕಾರ, ನಮಸ್ಕಾರ. ಡಯಾಲಿಸಿಸ್ ದಿನ ಲಸಿಕೆ ಹಾಕಿಸಿದರೆ ರಕ್ತದ ಜೊತೆ ಅದೂ ತೊಳೆದು ಹೋಗತದಂತ ನಮ್ಮ ಪಕ್ಕದ ಬೆಡ್ಡಿನವರು ಹೇಳ್ತಾರ. ಖರೇ ಏನ್ರಿ? (ವಾಸ್ಕೋ, ಗೋವಾ)

ಉತ್ತರ: ಖರೇ ಅಲ್ರಿ. ಪಕ್ಕದ ಬೆಡ್ಡಿನವರು ನಾಲ್ಕು ಗಂಟೆ ಬೇಜಾರಿನಲ್ಲಿ ಏನೇನೋ ಯೋಚನೆ ಮಾಡಿರುತ್ತಾರೆ, ಪಾಪ. ಲಸಿಕೆ ಹೋಗುವುದು ಮಾಂಸಕ್ಕೆ, ರಕ್ತದ ಪೈಪಿಗಲ್ಲ. ಆಮೇಲೆ ಮೈ ತಯಾರಿಸುವ ಆಂಟಿಬಾಡಿ ರಕ್ತದಲ್ಲೇ ಇರುತ್ತದೆ ನಿಜ, ಆದರೆ ಅದು ರಕ್ತ ಸೋಸುವ ಡಯಲೈಸರ್‌ನ ತೂತಿನಲ್ಲಿ ತೂರುವಷ್ಟು ಸಣ್ಣದಲ್ಲ. ಯೂರಿಯಾದ ತೂಕ 60 ಅಂತ ಇಟ್ಟುಕೊಂಡರೆ ಆಂಟಿಬಾಡಿಯದ್ದು ಸುಮಾರು 1,50,000. ರವೆ ಜರಡಿಯಲ್ಲಿ ತೆಂಗಿನಕಾಯಿ ಕೆಳಗೆ ಬಿದ್ದೀತೇ?

ಡಯಾಲಿಸಿಸ್ ದಿನ ಹಾಕುವುದಕ್ಕೆ ಒಂದು ಸಣ್ಣ ತೊಡಕು ಮಾತ್ರ ಇದೆ, ಅದು ಹೆಪಾರಿನ್. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುತ್ತಾರಲ್ಲ, ಅದರಿಂದ ಸೂಜಿ ಹಾಕಿದ ಜಾಗ ಕಂದುಗಟ್ಟಬಹುದು, ಊದಬಹುದು. ಹಾಗಾಗಿ ಹೆಪಾರಿನ್ ಕೊಡುವ ಮೊದಲು, ಇಲ್ಲವೇ ಡಯಾಲಿಸಿಸ್ ಇಲ್ಲದ ದಿನ ಹಾಕಿಸಿಕೊಂಡರೆ ಒಳ್ಳೆಯದು. ಆದರೆ ಲಸಿಕೆಗೆ ಅಂತಲೇ ಬೇರೆ ದಿನ ರಜೆ ಹಾಕಿ, ಬಸ್ ಹಿಡಿದು ಬರುವುದು ಕಷ್ಟ ಅಂತ ನನಗೂ ಗೊತ್ತು. ಹಾಗೆ ಮುಂದೂಡುತ್ತಾ ಹೋಗಿ ತಪ್ಪಿಸಿಕೊಳ್ಳುವುದಕ್ಕಿಂತ ಅದೇ ದಿನ ಸಣ್ಣ ಸೂಜಿಯಲ್ಲಿ ಹಾಕಿಸಿಕೊಂಡು, ಹತ್ತಿ ಇಟ್ಟು ಎರಡು ಮೂರು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಫಿಸ್ಟುಲಾ ಇರುವ ಕೈಗೆ ಮಾತ್ರ ಯಾರು ಬಂದು ಕೇಳಿದರೂ ಕೊಡಬೇಡಿ, ಡೀನ್ ಬಂದು ಕೇಳಿದರೂ!

ಪ್ರಶ್ನೆ: ನನಗೆ 51. ಎಂಟು ವರ್ಷದಿಂದ ಡಯಾಲಿಸಿಸ್. ಕೋವಿಶೀಲ್ಡ್ ಎರಡು, ಆಮೇಲೆ ಬೂಸ್ಟರ್ ಒಂದು ಆಗಿದೆ. ಲಸಿಕೆ ತಯಾರಾದದ್ದೇ ನಮ್ಮೂರಲ್ಲಿ, ಆದರೂ ಅದು ನಮ್ಮಂಥವರಿಗೆ ನಾಟಲೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಆಂಟಿಬಾಡಿ ಟೆಸ್ಟ್ ಮಾಡಿಸಲಾ? ಇನ್ನೊಂದು ಬೂಸ್ಟರ್ ಬೇಕಾ? (ಹಡಪ್ಸರ್, ಪುಣೆ)

ಉತ್ತರ: ನಾಟಲೇ ಇಲ್ಲ ಅನ್ನುವುದು ಸುಳ್ಳು. ಪೂರ್ತಿ ನಾಟಿತು ಅನ್ನುವುದೂ ಸುಳ್ಳು. ಕೋವಿಡ್ ಲಸಿಕೆ ಬಂದಾಗ ಬೇರೆ ಬೇರೆ ದೇಶಗಳಲ್ಲಿ ಡಯಾಲಿಸಿಸ್‌ನವರ ರಕ್ತ ತೆಗೆದು ನೋಡಿದರು. ಎರಡು ಡೋಸ್ ಆದಮೇಲೆ ಹೆಚ್ಚಿನವರಲ್ಲಿ ಆಂಟಿಬಾಡಿ ಬಂತು, ಆದರೆ ಆರೋಗ್ಯವಂತರಿಗಿಂತ ಕಮ್ಮಿ ಬಂತು, ಕೆಲವೇ ತಿಂಗಳಲ್ಲಿ ಸರ್ರನೆ ಇಳಿಯಿತು. ಮೂರನೆಯದು ಹಾಕಿದಾಗ ಮಾತ್ರ ಚೆನ್ನಾಗಿ ಏರಿತು. ಎರಡಕ್ಕೂ ಏಳದ ಕೆಲವರು ಮೂರನೆಯದಕ್ಕೆ ಎದ್ದರು. ಅಂದರೆ ನಮ್ಮವರಿಗೆ ಮೂರನೆಯದು ಬೋನಸ್ ಅಲ್ಲ, ಅದು ಸೇರಿದರೇ ಲೆಕ್ಕ ಪೂರ್ತಿ. ಫೈಜರ್‌ನಂಥ ಎಂಆರ್‌ಎನ್‌ಎ ಲಸಿಕೆಗಳಿಗೆ ಹೋಲಿಸಿದರೆ ಕೋವಿಶೀಲ್ಡ್ ಜಾತಿಯದ್ದು ಡಯಾಲಿಸಿಸ್‌ನವರಲ್ಲಿ ಸ್ವಲ್ಪ ಕಮ್ಮಿ ಆಂಟಿಬಾಡಿ ಎಬ್ಬಿಸಿತು ಅನ್ನುವುದೂ ನಿಜ. ಆದರೆ ಆಂಟಿಬಾಡಿಯೊಂದೇ ಎಲ್ಲವೂ ಅಲ್ಲ, ಟಿ ಕಣಗಳೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಸೋಂಕು ಪೂರ್ತಿ ತಪ್ಪದಿದ್ದರೂ ಐಸಿಯು ತಪ್ಪಿತು ಅಂದರೆ ನಮಗೆ ಅದೇ ದೊಡ್ಡದು.

2020ರ ಮಾರ್ಚ್‌ನಲ್ಲಿ ಲೋಕಲ್ ರೈಲು ನಿಂತಾಗ ಎಲ್ಲರೂ ಮನೆಯೊಳಗೆ ಕೂತರು. ನಮ್ಮ ರೋಗಿಗಳು ಕೂರುವ ಹಾಗಿರಲಿಲ್ಲ, ವಾರಕ್ಕೆ ಮೂರು ಸಲ ಬರಲೇಬೇಕು. ಕಲ್ಯಾಣದಿಂದ ಒಬ್ಬರು ಹಾಲಿನ ಟೆಂಪೋದಲ್ಲಿ ಬರುತ್ತಿದ್ದರು, ಕ್ರೇಟುಗಳ ಮಧ್ಯೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು. ಡಯಾಲಿಸಿಸ್ ಮುಗಿದು ಬಿಪಿ ಇಳಿದು ತಲೆ ತಿರುಗುತ್ತಿದ್ದರೂ ಟೆಂಪೋ ಹೊರಡುವ ಹೊತ್ತಿಗೆ ಗೇಟಿನಲ್ಲಿ ನಿಂತಿರಬೇಕಿತ್ತು. 2022ರ ಜನವರಿ 10ಕ್ಕೆ ಬೂಸ್ಟರ್ ಶುರುವಾದಾಗ, ನಮ್ಮ ಸರ್ಕಾರ ಅದಕ್ಕೆ ಪ್ರಿಕಾಷನ್ ಡೋಸ್ ಅಂತ ಹೆಸರಿಟ್ಟಿತ್ತು ನೆನಪಿದೆಯಾ, 60 ದಾಟಿದ ಕಾಯಿಲೆಯವರಿಗೆ ಮಾತ್ರ ಅಂದರು. ಅವರಿಗೆ 57! ಮೂರು ವರ್ಷ ಬೇಗ ಹುಟ್ಟಬೇಕಿತ್ತು ಸಿಸ್ಟರ್ ಅಂತ ನಗುತ್ತಿದ್ದರು. ಸಿಟ್ಟು ಬಂದದ್ದು ನನಗೆ. ಲಸಿಕೆ ಬೇಗ ಮರೆಯುವ ಮೈಗೆ ವಯಸ್ಸಿನ ಗೇಟು ಯಾಕೆ ಬೇಕಿತ್ತೋ.

ನಿಮ್ಮ ಎರಡು ಪ್ರಶ್ನೆಗೆ ಬರುತ್ತೇನೆ. ಆಂಟಿಬಾಡಿ ಟೆಸ್ಟಿಗೆ ದುಡ್ಡು ಹಾಕಬೇಡಿ. ಹೆಪಟೈಟಿಸ್ ಬಿಗೆ 10 ಅನ್ನುವ ಗೆರೆ ಇದೆ. ಕೋವಿಡ್‌ಗೆ ಎಲ್ಲರೂ ಒಪ್ಪಿದ ಅಂಥ ಗೆರೆ ಇಲ್ಲ. ಒಂದು ಲ್ಯಾಬಿನ 200 ಇನ್ನೊಂದು ಲ್ಯಾಬಿನ 200 ಅಲ್ಲ. ರಿಪೋರ್ಟ್ ಹಿಡಿದುಕೊಂಡು ಖುಷಿಪಡುವುದಕ್ಕೂ ಅಳುವುದಕ್ಕೂ ಅರ್ಥವಿಲ್ಲ. ಇನ್ನೊಂದು ಬೂಸ್ಟರ್ ವಿಷಯ ಡಾಕ್ಟರ ಹತ್ತಿರ ಮಾತಾಡಿ ನಿರ್ಧರಿಸಿ. ರೋಗ ತಡೆಯುವ ಶಕ್ತಿ ತೀರಾ ಕುಂದಿದವರು 6ರಿಂದ 12 ತಿಂಗಳಿಗೆ ಮತ್ತೆ ಹಾಕಿಸಿಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನೀವು ಹಿಂದೆ ಕಿಡ್ನಿ ಕಸಿ ಮಾಡಿಸಿಕೊಂಡು ಅದು ಕೈಕೊಟ್ಟು, ಇನ್ನೂ ಸ್ಟೀರಾಯ್ಡ್‌ನಂಥ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಆ ಮಾತ್ರೆಯಿಂದ ಲಸಿಕೆಯ ಫಲ ಇನ್ನೂ ಕಮ್ಮಿಯಾಗುತ್ತದೆ.

ಪ್ರಶ್ನೆ: ಬೂಸ್ಟರ್ ಹಾಕಿಸಿದ ಮೇಲೆ ನನಗೆ ಜ್ವರವೂ ಬರಲಿಲ್ಲ, ಕೈಯೂ ನೋಯಲಿಲ್ಲ. ಪಕ್ಕದವರಿಗೆ ಎರಡು ದಿನ ಜ್ವರ. ನನ್ನದು ಹತ್ತಿಲ್ಲವಾ? (ಸಯನ್)

ಉತ್ತರ: ಜ್ವರಕ್ಕೂ ಹತ್ತುವುದಕ್ಕೂ ಅಂಥ ನಂಟೇನಿಲ್ಲ. ಜ್ವರ ಬಾರದೆ ಟೈಟರ್ 1000 ಬಂದವರನ್ನೂ ನೋಡಿದ್ದೇನೆ, ಮೂರು ದಿನ ನಡುಗಿ 4 ಬಂದವರನ್ನೂ ನೋಡಿದ್ದೇನೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಆದರೆ ಡಯಾಲಿಸಿಸ್‌ಗೆ ಕುತ್ತಿಗೆಯ ರಕ್ತನಾಳದಲ್ಲಿ ಪೈಪ್, ಅದೇ ಕ್ಯಾತಿಟರ್, ಇರುವವರು ಎಲ್ಲ ಜ್ವರವನ್ನೂ ಲಸಿಕೆಯ ತಲೆಗೆ ಕಟ್ಟಬೇಡಿ. ಚಳಿ ನಡುಕ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೆಪಟೈಟಿಸ್ ಬಿ, ಕೋವಿಡ್ ಬಿಟ್ಟು ಬೇರೆ ಯಾವ ಲಸಿಕೆ ಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಖರ್ಚೂ ಜಾಸ್ತಿ. ಮನೆಯವರೂ ಹಾಕಿಸಬೇಕಾ? (ಠಾಣೆ)

ಉತ್ತರ: ಖರ್ಚಿನ ಲೆಕ್ಕದಲ್ಲೇ ಹೇಳುತ್ತೇನೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ನಮ್ಮ ಮುಂಬೈಯಲ್ಲಿ ಮಳೆ ಶುರುವಾದ ಮೇಲೆ ಫ್ಲೂ ಜೋರು, ಹಾಗಾಗಿ ಏಪ್ರಿಲ್-ಮೇಯಲ್ಲಿ ಮುಗಿಸಿಬಿಡಿ. ಇದನ್ನು ಮನೆಯವರೆಲ್ಲ ಹಾಕಿಸಿಕೊಳ್ಳಿ. ರೋಗಿಯ ಮೈ ಅರ್ಧ ಮಾತ್ರ ಕಲಿಯುವುದಾದರೆ ಉಳಿದರ್ಧ ಸುತ್ತಲಿನವರಿಂದ ಬರಬೇಕು, ಅಲ್ವಾ. ಹೆಪಟೈಟಿಸ್ ಬಿ ಈಗಿನ ಮಕ್ಕಳಿಗೆ ಹುಟ್ಟಿದಾಗಲೇ ಸರ್ಕಾರಿ ಲಸಿಕೆಯಲ್ಲಿ ಆಗಿರುತ್ತದೆ, ಕಾರ್ಡ್ ತೆಗೆದು ನೋಡಿ. ದೊಡ್ಡವರಿಗೆ ಆಗಿರಲಿಕ್ಕಿಲ್ಲ.

ಆಮೇಲೆ ನ್ಯುಮೋನಿಯಾದ್ದು. ಮೊದಲು ಕಾಂಜುಗೇಟ್ ಅನ್ನುವ ಜಾತಿ, ಕನಿಷ್ಠ 8 ವಾರ ಬಿಟ್ಟು ಆ ರೋಗಾಣುವಿನ 23 ಬಗೆಗಳನ್ನು ತಡೆಯುವಂಥದ್ದು. ಕಾಂಜುಗೇಟ್‌ನಲ್ಲೇ 20 ಬಗೆಯದ್ದು ಹಾಕಿಸಿಕೊಂಡರೆ ಎರಡನೆಯದು ಬೇಡ. ಸರ್ಪಸುತ್ತಿಗೂ ಲಸಿಕೆ ಇದೆ, 2023ರಲ್ಲಿ ನಮ್ಮ ದೇಶಕ್ಕೆ ಬಂತು, ಎರಡು ಡೋಸ್. ಜೀವಂತ ವೈರಸ್ ಇಲ್ಲದ್ದರಿಂದ ನಮ್ಮವರಿಗೂ ಆಗುತ್ತದೆ. ಬೆಲೆ ಮಾತ್ರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಡಯಾಲಿಸಿಸ್‌ನವರಿಗೆ ಸರ್ಪಸುತ್ತು ಬೇರೆಯವರಿಗಿಂತ ಜಾಸ್ತಿ ಬರುತ್ತದೆ ಅನ್ನುವುದೂ ನಿಜ, ಆ ಉರಿಯನ್ನು ಕಣ್ಣಾರೆ ನೋಡಿದ್ದೇನೆ. ಕೈಯಲ್ಲಾದರೆ ಹಾಕಿಸಿ. ಆಗದಿದ್ದರೆ ಫ್ಲೂ, ನ್ಯುಮೋನಿಯಾ ಮೊದಲು.

ಪ್ರಶ್ನೆ: ಡಯಾಲಿಸಿಸ್‌ನಿಂದ ಮರಳಿ ಬರುವಾಗ ನಾಯಿ ಕಾಲಿಗೆ ಪರಚಿತು. ರಕ್ತ ಬರಲಿಲ್ಲ, ಬರೀ ಗೀರು. ರೇಬೀಸ್ ತಡೆಯುವ ಐದು ಇಂಜೆಕ್ಷನ್ ಬೇಕೇ ಬೇಕಾ? (ಮಾಪುಸಾ, ಗೋವಾ)

ಉತ್ತರ: ಬೇಕೇ ಬೇಕು, ಈ ಪತ್ರಿಕೆ ಕೈಗೆ ಬರುವಷ್ಟರಲ್ಲಿ ಹಾಕಿಸಿಕೊಂಡಿರುತ್ತೀರಿ ಅಂತ ನಂಬಿದ್ದೇನೆ. ಬೇರೆಯವರಿಗೆ ಇಂಥ ಗೀರಿಗೆ ಲಸಿಕೆ ಮಾತ್ರ ಸಾಕು. ರೋಗ ತಡೆಯುವ ಶಕ್ತಿ ಕುಂದಿದವರಿಗೆ ಜೊತೆಗೆ ಇಮ್ಯೂನೋಗ್ಲಾಬ್ಯುಲಿನ್, ಅಂದರೆ ರೆಡಿಮೇಡ್ ಆಂಟಿಬಾಡಿಯನ್ನು ಗಾಯದ ಸುತ್ತ ಹಾಕುತ್ತಾರೆ, ನಮ್ಮ ಮೈ ತಯಾರಿಸುವ ತನಕ ಕಾಯುವ ಹಾಗಿಲ್ಲ ಅಂತ. ಹಾಗಾಗಿ ಚೀಟಿ ಮಾಡಿಸುವಾಗಲೇ ನಾನು ಡಯಾಲಿಸಿಸ್ ರೋಗಿ ಅಂತ ಹೇಳಬೇಕು. ಲಸಿಕೆ ಮೊದಲ ದಿನ, 3, 7, 14, 28ನೇ ದಿನ. ಒಂದೂ ಬಿಡಬೇಡಿ. ಇವೆಲ್ಲಕ್ಕೂ ಮೊದಲು, ಪರಚಿದ ಕೂಡಲೇ, ನಲ್ಲಿ ಕೆಳಗೆ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಮೆತ್ತಬಾರದು.

ಪ್ರಶ್ನೆ: ನನ್ನ ತಮ್ಮನ ಹೆಸರು ಕಿಡ್ನಿಗಾಗಿ ವೇಟಿಂಗ್ ಲಿಸ್ಟಿನಲ್ಲಿದೆ. ಹೇಗೂ ಹೊಸ ಕಿಡ್ನಿ ಬರುತ್ತದೆ, ಆಮೇಲೆ ಮೈ ಗಟ್ಟಿಯಾದ ಮೇಲೆ ಲಸಿಕೆ ಹಾಕಿಸಿದರೆ ಆಗದಾ? (ಕಾಂದಿವಲಿ)

ಉತ್ತರ: ಉಲ್ಟಾ ಲೆಕ್ಕ ಅದು. ಕಸಿ ಆದಮೇಲೆ ಹೊಸ ಕಿಡ್ನಿಯನ್ನು ಮೈ ತಳ್ಳಿಬಿಡಬಾರದು ಅಂತ ರೋಗ ತಡೆಯುವ ಕಣಗಳನ್ನು ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಲಸಿಕೆಯ ಪಾಠ ಕೇಳಬೇಕಾದವೂ ಅವೇ ಕಣಗಳು. ಕೋವಿಡ್ ಲಸಿಕೆಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಡಯಾಲಿಸಿಸ್‌ನವರಿಗಿಂತ ಕಸಿ ಆದವರಲ್ಲಿ ಆಂಟಿಬಾಡಿ ತೀರಾ ಕಮ್ಮಿ, ಮೂರು ಡೋಸ್ ಆದರೂ ಏಳದವರು ಬಹಳ ಜನ. ಅಮ್ಮ, ಚಿಕನ್‌ಪಾಕ್ಸ್ ಅಂತೀವಲ್ಲ, ಮತ್ತೆ ದಡಾರ, ಇವುಗಳ ಜೀವಂತ ಲಸಿಕೆಗಳನ್ನಂತೂ ಕಸಿ ಆದಮೇಲೆ ಕೊಡುವ ಹಾಗೇ ಇಲ್ಲ. ಕೊಡುವುದಿದ್ದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಕೊಡಬೇಕು. ಲಿಸ್ಟಿನಿಂದ ಫೋನ್ ಬರುವುದು ರಾತ್ರಿ ಎರಡು ಗಂಟೆಗೆ. ನಾಲ್ಕು ವಾರ ತಡೆಯಿರಿ ಅನ್ನುವುದಕ್ಕಾಗುತ್ತದಾ? ಈ ತಿಂಗಳೇ ಡಾಕ್ಟರ ಮುಂದೆ ಲಸಿಕೆ ಕಾರ್ಡ್ ಇಟ್ಟು, ಏನೇನು ಬಾಕಿ ಅಂತ ಬರೆಸಿಕೊಂಡು ಬನ್ನಿ.

ಪ್ರಶ್ನೆ: ಅಮ್ಮಾ, ನಂದು ಹೋಟೆಲು. ಕಿಡ್ನಿ ಎಷ್ಟು ಸೋತಿದೆ ಅಂತ ತೋರಿಸುವ ಕ್ರಿಯಾಟಿನಿನ್ 3.8 ಇದೆ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಆಗದಿರಲಿ ಅಂತ ಕಟೀಲಿಗೆ ಹರಕೆ ಹೇಳಿಕೊಂಡಿದ್ದೇನೆ. ಡಾಕ್ಟರು ಈಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ ಅಂತಾರೆ. ಅಂದರೆ ಡಯಾಲಿಸಿಸ್ ಗ್ಯಾರಂಟಿ ಅಂತಲಾ? (ಭಾಯಂದರ್)

ಉತ್ತರ: ಅಲ್ಲಪ್ಪಾ. ಹರಕೆ ಇರಲಿ, ಲಸಿಕೆಯೂ ಇರಲಿ, ಒಂದಕ್ಕೊಂದು ಜಗಳವಿಲ್ಲ. ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿರುವಾಗ ಹಾಕಿದರೆ ಮೈ ಚೆನ್ನಾಗಿ ಕಲಿಯುತ್ತದೆ, ಡಯಾಲಿಸಿಸ್ ಶುರುವಾದ ಮೇಲೆ ಹಾಕಿದರೆ ಮೇಲಿನ ಡೊಂಬಿವಲಿಯ ಮಾವನವರ ಹಾಗೆ 6 ಬರುವ ಸಂಭವ ಜಾಸ್ತಿ. ನಿಮ್ಮ ಡಾಕ್ಟರು ಈಗಲೇ ಹೇಳಿದ್ದು ಅದಕ್ಕೇ. ನನ್ನ 29 ವರ್ಷದಲ್ಲಿ ಹೀಗೆ ಮೊದಲೇ ಹಾಕಿಸಿಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಉಳಿದವರೆಲ್ಲ ಏದುಸಿರು ಬಿಡುತ್ತಾ ಎಮರ್ಜೆನ್ಸಿಯಲ್ಲಿ ಬಂದವರು.

ಬೆಳಿಗ್ಗೆ ಹೋಟೆಲ್ ಬಾಗಿಲು ತೆಗೆಯುವ ಮೊದಲು ಹೋಗಿ ಬನ್ನಿ, ಹತ್ತು ನಿಮಿಷದ ಕೆಲಸ. ಮತ್ತೆ, ನೀವು ಬಲಗೈಯವರಾದರೆ ಎಡಗೈಯನ್ನು ಈಗಿನಿಂದಲೇ ಕಾಪಾಡಿ. ನಾಳೆ ಫಿಸ್ಟುಲಾ ಬೇಕಾದರೆ ಆ ಕೈಯ ರಕ್ತನಾಳ ಚೆನ್ನಾಗಿರಬೇಕು. ಲಸಿಕೆ ಬಲತೋಳಿಗೆ. ರಕ್ತ ತೆಗೆಯುವವರು ಬಂದರೆ ಅಂಗೈಯ ಹಿಂಭಾಗ ತೋರಿಸಿ.